ಕತ್ತಿ ಯಾರ ಸೊಂಟದಲ್ಲಿದೆ?

ಪ್ರತಿ ಕೊಲೆಯ ಮಾರನೇ ದಿನ ನಮ್ಮಲ್ಲೊಂದು ಬೇಡಿಕೆ ಏಳುತ್ತದೆ. ಟಿವಿಯಲ್ಲಿ ಕೆಂಪು ಅಕ್ಷರಗಳು ಓಡುತ್ತಿರುವಾಗಲೇ ಯಾರೋ ಒಬ್ಬರು ಗಂಭೀರವಾಗಿ ಹೇಳುತ್ತಾರೆ: ಚಾಕು, ಚೂರಿ, ಮಚ್ಚು, ಕತ್ತಿ ಯಾವುದೇ ಇರಲಿ, ಇಟ್ಟುಕೊಂಡು ರಸ್ತೆಯಲ್ಲಿ ತಿರುಗುವುದನ್ನೇ ಅಪರಾಧ ಮಾಡಿಬಿಡಿ. ಬ್ರಿಟನ್ನಿನಲ್ಲಿ ಹಾಗಿದೆ, ಜಪಾನಿನಲ್ಲಿ ಹಾಗಿದೆ, ನಮಗೇನು ಬಂದಿದೆ ಧಾಡಿ? ಈ ಮಾತನ್ನು ನಾನು ಸುದ್ದಿವಾಹಿನಿಯ ನಿರೂಪಕರಿಂದ ಮಾತ್ರ ಕೇಳಿದ್ದರೆ ಸುಮ್ಮನಿರುತ್ತಿದ್ದೆ. ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ, ನನಗಿಂತ ಹೆಚ್ಚು ಓದಿಕೊಂಡ, ನಾಗರಿಕ ಹಕ್ಕುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ಗೆಳೆಯರ ಬಾಯಲ್ಲೂ ಕೇಳಿದ್ದೇನೆ. ಹಾಗಾಗಿ ಈ ಜಗಳ ಅವರ ಜೊತೆ.

ನನ್ನ ಮಾತು ಇಷ್ಟು. ಹರಿತವಾದದ್ದನ್ನು ಒಯ್ಯುವುದನ್ನೇ ಅಪರಾಧ ಮಾಡುವ ಕಾನೂನು ಕಾಗದದ ಮೇಲೆ ಅಲಗನ್ನು ನೋಡುತ್ತದೆ, ರಸ್ತೆಗೆ ಬಂದಾಗ ಅಲಗು ಹಿಡಿದ ಕೈಯನ್ನು ನೋಡುತ್ತದೆ. ಆ ಕೈ ಯಾವ ಜಾತಿಯದು, ಯಾವ ಭಾಷೆಯದು, ಮೈಮೇಲೆ ಎಂಥ ಬಟ್ಟೆಯಿದೆ ಎಂಬುದರ ಮೇಲೆ ಅದು ತೀರ್ಮಾನ ಕೊಡುತ್ತದೆ. ಇದನ್ನು ಊಹೆಯ ಮೇಲೆ ಹೇಳುತ್ತಿಲ್ಲ. ನಮ್ಮ ಈ ಪಶ್ಚಿಮ ಘಟ್ಟದ ಆಸುಪಾಸಿನಲ್ಲೇ ಇದು ಒಮ್ಮೆ ನಡೆದುಹೋಗಿದೆ.

ಮೊದಲು ಈಗಿರುವ ಕಾನೂನು ಏನು ಹೇಳುತ್ತದೆ ನೋಡೋಣ. ಏಕೆಂದರೆ "ನಮ್ಮಲ್ಲಿ ಇದಕ್ಕೆ ಕಾನೂನೇ ಇಲ್ಲ" ಎಂದು ನಂಬಿಕೊಂಡೇ ಬಹಳ ಜನ ವಾದ ಶುರು ಮಾಡುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯಾನದಲ್ಲಿ 'ಆಯುಧ' ಎಂದರೆ ಬಂದೂಕು ಮಾತ್ರವಲ್ಲ, ಹರಿತವಾದ ಅಲಗುಳ್ಳ ಮಾರಕ ವಸ್ತುಗಳೂ ಸೇರಿವೆ. ನಿಯಮಗಳಲ್ಲಿ ಪಟ್ಟಿಯೇ ಇದೆ: ಖಡ್ಗ, ಬಾಕು, ಬಯೊನೆಟ್, ಈಟಿ, ಯುದ್ಧದ ಕೊಡಲಿ, ಜೊತೆಗೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗಿನ ಚಾಕು ಮತ್ತಿತರ ಆಯುಧಗಳು. ಅದೇ ಪಟ್ಟಿಯ ಬೆನ್ನಿಗೇ ಒಂದು ವಿನಾಯಿತಿಯೂ ಇದೆ. ಮನೆಬಳಕೆಗೆ, ಬೇಸಾಯಕ್ಕೆ, ವಿಜ್ಞಾನಕ್ಕೆ, ಕೈಗಾರಿಕೆಗೆ ತಯಾರಾದವು ಇದರಲ್ಲಿ ಸೇರುವುದಿಲ್ಲ. ಇದಲ್ಲದೆ ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದೇ ಪ್ರದೇಶದಲ್ಲಿ ಇನ್ನಷ್ಟು ಬಿಗಿ ಮಾಡಬಹುದು. ದೆಹಲಿಯಲ್ಲಿ 1980ರಿಂದಲೂ ಅಂಥದೊಂದು ಅಧಿಸೂಚನೆಯಿದೆ. ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಚಾಕುವಿನ ಅಲಗು 7.62 ಸೆಂಟಿಮೀಟರ್, ಅಂದರೆ 3 ಇಂಚು ಮುಟ್ಟಿದರೆ ಕೇಸು. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆಯ 35ನೇ ಕಲಂ ಇದೆ. ಅದರಡಿ ಕತ್ತಿ, ಚಾಕು, ಕೋಲು, ಕೊನೆಗೆ ದೈಹಿಕ ಹಿಂಸೆಗೆ ಬಳಸಬಹುದಾದ ಯಾವುದೇ ವಸ್ತುವನ್ನು ಒಯ್ಯುವುದನ್ನು ಅಧಿಕಾರಿಗಳು ನಿಷೇಧಿಸಬಹುದು. ಇಷ್ಟು ಸಾಲದು ಎಂಬಂತೆ ಹಿಂದಿನ 144ನೇ ಸೆಕ್ಷನ್, ಈಗ ಹೊಸ ಸಂಹಿತೆಯಲ್ಲಿ 163 ಆಗಿರುವ ನಿಷೇಧಾಜ್ಞೆ ಬೇರೆ.

ಅಂದರೆ ಕಾನೂನಿಗೆ ಕೊರತೆಯಿಲ್ಲ. ಹೊಸ ಬೇಡಿಕೆ ಇಟ್ಟವರು ನಿಜವಾಗಿ ಕೇಳುತ್ತಿರುವುದು ಆ ವಿನಾಯಿತಿಯನ್ನು ತೆಗೆಯಿರಿ ಎಂದು. ತಮಗೆ ಅದು ಗೊತ್ತಿಲ್ಲದೆಯೂ ಇರಬಹುದು.

ಆ ವಿನಾಯಿತಿಯಾದರೂ ಗಟ್ಟಿಯಾಗಿದೆಯೇ ಎಂದರೆ ಅದೂ ಇಲ್ಲ. ಕಾಯ್ದೆ ಬಿಡುವುದು 'ಕೇವಲ' ಮನೆಗೆ ಅಥವಾ ಬೇಸಾಯಕ್ಕೆಂದು ರೂಪಿಸಿದ ವಸ್ತುಗಳನ್ನು. ಈ 'ಕೇವಲ' ಎಂಬ ಪದವನ್ನು ಬರೆದವರು ಮಲೆನಾಡಿನ ಕತ್ತಿಯನ್ನು ಕಂಡವರಲ್ಲ. ನಮ್ಮ ಕಡೆ ಗಂಡಸರು ಸೊಂಟದ ಹಿಂದೆ ಮರದ ಕೊಕ್ಕೆ ಕಟ್ಟಿಕೊಂಡು ಅದಕ್ಕೆ ಸಿಕ್ಕಿಸುವ ಕತ್ತಿಗೆ ಕೇವಲ ಎನ್ನುವ ಕೆಲಸವೇ ಇಲ್ಲ. ಅಡಿಕೆ ಕೊನೆ ಇಳಿಸುವುದೂ ಅದೇ, ಬೇಲಿಗೆ ಗೂಟ ಕೆತ್ತುವುದೂ ಅದೇ. ಬಾಳೆಲೆ ಕೊಯ್ಯುವುದು, ಸೌದೆ ಸೀಳುವುದು, ದಾರಿಗೆ ಅಡ್ಡ ಬಂದ ಮುಳ್ಳು ಸವರುವುದು, ಹಾವು ಎದುರಾದರೆ ಕೈಯಲ್ಲಿ ಒಂದಿದೆ ಎಂಬ ಧೈರ್ಯ, ಎಲ್ಲವೂ ಅದರದ್ದೇ ಪಾಲು. ಅಲಗಿನ ಅಗಲ 2 ಇಂಚಿಗೆ ಸಲೀಸಾಗಿ ಬರುತ್ತದೆ. ಆಚಾರಿ ಅದನ್ನು ಬಡಿಯುವುದು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ. ಪೇಟೆಯ ರೌಡಿಯ ಲಾಂಗೂ ಬಹುಮಟ್ಟಿಗೆ ಅಂಥದೇ ಪಟ್ಟಿಯಿಂದ, ಅಂಥದೇ ಕುಲುಮೆಯಿಂದ ಬರುತ್ತದೆ. ಉಕ್ಕಿಗೆ ಉದ್ದೇಶ ಇರುವುದಿಲ್ಲವಲ್ಲ.

ಎಳನೀರು ಮಾರುವವನ ಮಚ್ಚು, ಹೆಗಲಿಗೆ ಕೊಡಲಿ ಇಟ್ಟುಕೊಂಡು ಕುರಿಹಿಂಡಿನ ಹಿಂದೆ ತಾಲ್ಲೂಕು ದಾಟುವ ಕುರಿಗಾಹಿ, ಚಪ್ಪಲಿ ಹೊಲಿಯುವವನ ಉಳಿ, ಕ್ಷೌರಿಕನ ಪೆಟ್ಟಿಗೆ, ಕಳ್ಳು ಇಳಿಸುವವನ ಕತ್ತಿ, ಮೀನು ಮಾರುವ ಹೆಂಗಸಿನ ಬುಟ್ಟಿಯಲ್ಲಿರುವುದು. ಕಬ್ಬು ಕಡಿಯಲು ಊರಿಂದೂರಿಗೆ ರಾತ್ರಿ ಟ್ರ್ಯಾಕ್ಟರಿನಲ್ಲಿ ಹೋಗುವವರನ್ನು ನೆನೆಸಿಕೊಳ್ಳಿ. ಇಪ್ಪತ್ತು ಜನ, ಇಪ್ಪತ್ತು ಕುಡುಗೋಲು, ಹೆಂಡತಿ ಮಕ್ಕಳು, ಪಾತ್ರೆ ಪಗಡಿ. ಅವರಿಗೆ ಆ ಕಡೆ ಇರುವ ಹೆಸರೇ 'ಗ್ಯಾಂಗ್'. "ಸಾರ್, ಕಬ್ಬಿನ ಗ್ಯಾಂಗ್ ಬಂತು" ಎಂದು ಫ್ಯಾಕ್ಟರಿಯವನು ಫೋನಿನಲ್ಲಿ ಹೇಳುವುದನ್ನು ಪೇಟೆಯ ಹೊಸ ಪೇದೆ ಕೇಳಿಸಿಕೊಂಡರೆ ಏನಾಗಬಹುದೋ! ನಗು ಬರುತ್ತದೆ, ಆದರೆ ಮಧ್ಯರಾತ್ರಿ ಚೆಕ್‌ಪೋಸ್ಟಿನಲ್ಲಿ ನಗು ಬರುವುದಿಲ್ಲ.

2024ರ ಲೋಕಸಭಾ ಚುನಾವಣೆಯ ಹೊತ್ತಿನ ಒಂದು ಸಂಗತಿ ಹೇಳುತ್ತೇನೆ. ನಮ್ಮ ತೋಟಕ್ಕೆ ಬರುವ ಕೊನೆಗಾರರೊಬ್ಬರಿದ್ದಾರೆ. ವಯಸ್ಸು ಅರವತ್ತರ ಹತ್ತಿರ. ಕಾಲಿಗೆ ತಳೆ ಹಾಕಿ ಮರ ಹತ್ತಿದರೆಂದರೆ ಒಂದು ಮರದ ತಲೆಯಿಂದ ಇನ್ನೊಂದಕ್ಕೆ ಬಾಗಿಸಿಕೊಂಡು ಹೋಗುತ್ತಾರೆ, ನೆಲಕ್ಕೆ ಇಳಿಯುವುದು ಊಟಕ್ಕೆ. ಕೊಯ್ಲು ಮುಗಿದ ಮೇಲೆ ಬೇಸಿಗೆಯಲ್ಲಿ ಬೇಲಿ, ಸೊಪ್ಪು, ಸೌದೆ ಎಂದು ಸುತ್ತಲ ಊರುಗಳಿಗೆ ಹೋಗುತ್ತಾರೆ. ಆ ದಿನವೂ ಹಾಗೆಯೇ ಬೆಳಗಿನ ಬಸ್ಸು ಹತ್ತಿದ್ದರು. ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಲ್ಲಿಸಿದರು.

"ಏಯ್, ಹಿಂದೇನೋ ಅದು?"

"ಕತ್ತಿ ಸಾ. ಬೇಲಿ ಕಟ್ಟೂಕೆ ಹೊಂಟಿದ್ದೆ."

"ಎಲೆಕ್ಷನ್ ಟೈಮಲ್ಲಿ ಕತ್ತಿ ಕಟ್ಕೊಂಡು ಓಡಾಡ್ತೀಯಾ? ಇಳಿ ಕೆಳಗೆ."

ಇಳಿಸಿದರು. ಕತ್ತಿ ತೆಗೆದಿಟ್ಟುಕೊಂಡರು. ಕೇಸು ಹಾಕಲಿಲ್ಲ, ಹೊಡೆಯಲಿಲ್ಲ, ನಿಜ ಹೇಳಬೇಕೆಂದರೆ ಹೆಚ್ಚು ಬೈಯಲೂ ಇಲ್ಲ. ಬಸ್ಸು ಮುಂದೆ ಹೋಯಿತು, ಅವರು ಹಿಂದೆ ನಡೆದು ಬಂದರು. ಆ ದಿನದ ಕೂಲಿ ಹೋಯಿತು, ಮಾರನೇ ದಿನದ್ದೂ ಹೋಯಿತು. ಏಕೆಂದರೆ ಕೈಗೆ ಹೊಂದಿದ ಇನ್ನೊಂದು ಕತ್ತಿ ಅವರ ಬಳಿ ಇರಲಿಲ್ಲ. ನಾನು ರಜೆಗೆ ಊರಿಗೆ ಹೋದವಳು ಠಾಣೆಗೆ ಹೋಗಿ ಕೇಳಿದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಕುರ್ಚಿ ಕೊಟ್ಟು, "ರಸೀದಿ ಇದೆಯಾ ಮೇಡಂ?" ಎಂದರು. ರಸೀದಿಯನ್ನು ಕೊಡಬೇಕಾದವರು ಅವರೇ. ಕತ್ತಿ ಇವತ್ತಿಗೂ ಬಂದಿಲ್ಲ.

ಅದೇ ವಾರ ನಾನು ಪೇಟೆಯಿಂದ ಎರಡು ಹೊಸ ಕತ್ತಿ ತಂದೆ, ಒಂದು ಅವರಿಗೆ, ಒಂದು ಮನೆಗೆ. ಪೇಪರಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟಿದ್ದೆ. ಅದೇ ಚೆಕ್‌ಪೋಸ್ಟಿನಲ್ಲಿ ಬ್ಯಾಗು ತೆರೆಸಿ ನೋಡಿದ ಪೊಲೀಸರು "ತೋಟಕ್ಕಾ ಮೇಡಂ? ಸರಿ, ಒಳಗಿಡಿ" ಎಂದು ಕಳಿಸಿದರು. ಒಂದೇ ಆದೇಶ, ಒಂದೇ ರಸ್ತೆ. ನನ್ನ ಹತ್ತಿರ ಇದ್ದದ್ದು ಎರಡು ಕತ್ತಿ, ಅವರ ಹತ್ತಿರ ಒಂದು. ತೋಟ ನಮ್ಮದು, ಮರ ಹತ್ತುವ ಕಾಲು ಅವರದು. ಕತ್ತಿ ಯಾವುದಕ್ಕೆ ಎಂಬ ಪ್ರಶ್ನೆಗೆ ಇಬ್ಬರೂ ಕೊಟ್ಟ ಉತ್ತರ ನಿಜವೇ ಆಗಿತ್ತು, ನನ್ನದನ್ನು ಮಾತ್ರ ನಂಬಿದರು.

ಚುನಾವಣೆಯ ಆದೇಶವನ್ನು ಆಮೇಲೆ ಹುಡುಕಿ ಓದಿದೆ. ಬಡಿಗೆ, ಬರ್ಚಿ, ಗದೆ, ಚಾಕು, ಚೂರಿ ಎಂದು ಪ್ರತಿ ಸಲ ಬರುವ ಅದೇ ಪಟ್ಟಿ. ಗದೆ ಹೊತ್ತುಕೊಂಡು ಮತ ಕೇಳಲು ಹೋಗುವವರು ಯಾವ ಜಿಲ್ಲೆಯಲ್ಲಿದ್ದಾರೋ ತಿಳಿಯದು. ಆ ಪಟ್ಟಿಯ ಕೊನೆಗೆ "ಹಾನಿ ಉಂಟುಮಾಡುವ ಇತರ ಯಾವುದೇ ವಸ್ತು" ಎಂಬರ್ಥದ ಮಾತು ಇರುತ್ತದೆ. ಶಸ್ತ್ರಾಸ್ತ್ರ ಕಾಯ್ದೆ ಬಿಟ್ಟ ಬೇಸಾಯದ ಕತ್ತಿಯನ್ನು ಆ ಒಂದು ಮಾತು ನುಂಗಿಹಾಕುತ್ತದೆ. ಈಗ ಚುನಾವಣೆ, ಹಬ್ಬ, ಗಲಾಟೆಯ ಕಾಲದಲ್ಲಿ ಮಾತ್ರ ಇರುವ ಈ ಸ್ಥಿತಿಯನ್ನು ವರ್ಷದ 365 ದಿನಕ್ಕೂ ವಿಸ್ತರಿಸಬೇಕೆಂಬುದೇ ನನ್ನ ಕ್ಯಾಂಟೀನ್ ಗೆಳೆಯರ ಬೇಡಿಕೆ.

ಇನ್ನು ಮೊದಲು ಹೇಳಿದ, ನಮ್ಮ ಘಟ್ಟದ ಆಸುಪಾಸಿನ ಹಳೆಯ ಕಥೆ. ನಾನು ಸಂಶೋಧನೆ ಮಾಡುತ್ತಿರುವುದು ಕಂಪನಿ ಕಾಲದ ಕಾನೂನುಗಳ ಮೇಲೆ. ಅದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಎರಡು ದಾಖಲೆಗಳು, ಅವುಗಳ ನಡುವೆ ಏಳು ವರ್ಷದ ಅಂತರವೂ ಇಲ್ಲ.

ಒಂದು 1854ರದು. ಆಗ ಮಲಬಾರೂ ನಮ್ಮ ಕೆನರಾ ಜಿಲ್ಲೆಯೂ ಒಂದೇ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದವು. ಮಲಬಾರಿನಲ್ಲಿ ಮಾಪಿಳ್ಳೆ ರೈತರ ದಂಗೆಗಳು ಒಂದರ ಹಿಂದೊಂದು ನಡೆಯುತ್ತಿದ್ದವು. ಜಮೀನು, ಗೇಣಿ, ಜನ್ಮಿಗಳ ದಬ್ಬಾಳಿಕೆ, ಧರ್ಮ ಎಲ್ಲವೂ ಅದರಲ್ಲಿ ಹೆಣೆದುಕೊಂಡಿದ್ದವು. ಸರ್ಕಾರ ಕಂಡುಕೊಂಡ ಪರಿಹಾರ ಎರಡು ಕಾಯ್ದೆ. ಒಂದು ದಂಗೆಗೆ ಸಾಮೂಹಿಕ ದಂಡ ಹಾಕುವುದು, ಇನ್ನೊಂದು ಮಾಪಿಳ್ಳೆಗಳ 'ಯುದ್ಧಗತ್ತಿ'ಯನ್ನು ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡುವುದು. ಕಾಯ್ದೆಯ ಹೆಸರಿನಲ್ಲೇ ಒಂದು ಸಮುದಾಯದ ಹೆಸರಿದೆ ಎಂಬುದನ್ನು ಗಮನಿಸಬೇಕು. ಕಲೆಕ್ಟರ್ ಕೊನೊಲಿ ಊರೂರು ಸುತ್ತಿ ಕತ್ತಿ ಒಪ್ಪಿಸಿಕೊಂಡ. 1855ರ ಜನವರಿ ಕೊನೆಗೆ 7,561 ಕತ್ತಿಗಳು ಜಮೆಯಾಗಿದ್ದವು ಎಂದು ವಿಲಿಯಂ ಲೋಗನ್ ತನ್ನ 'ಮಲಬಾರ್ ಮ್ಯಾನ್ಯುಯಲ್'ನಲ್ಲಿ ಲೆಕ್ಕ ಕೊಡುತ್ತಾನೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಲ್ಲಿಕೋಟೆಯ ಜೈಲಿನಿಂದ ತಪ್ಪಿಸಿಕೊಂಡ ಮಾಪಿಳ್ಳೆ ಕೈದಿಗಳು ಕೊನೊಲಿಯನ್ನು ಅವನ ಬಂಗಲೆಯ ಜಗುಲಿಯಲ್ಲೇ ಕಡಿದು ಕೊಂದರು. ಏಳು ಸಾವಿರ ಕತ್ತಿ ಗುಡ್ಡೆ ಹಾಕಿದರೂ ಬೇಕಾದವನಿಗೆ ಬೇಕಾದ ದಿನ ಕತ್ತಿ ಸಿಕ್ಕಿತ್ತು. ಕೊಟ್ಟುಹೋದವರು ಬಹುಶಃ ಮರುದಿನ ತೆಂಗಿನ ಗರಿ ಕಡಿಯಲು ಪಕ್ಕದ ಮನೆಯ ಕದ ತಟ್ಟಿರಬೇಕು.

ಎರಡನೆಯ ದಾಖಲೆ 1861ರ ಫೆಬ್ರವರಿಯದು. 1857ರ ದಂಗೆಯ ನಂತರ ಬ್ರಿಟಿಷರು ದೇಶದಾದ್ಯಂತ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುತ್ತಿದ್ದ ಕಾಲ. ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ (ಹೌದು, ನಾವು ವಾಕ್ ಹೋಗುವ ಪಾರ್ಕಿನ ಕಬ್ಬನ್) ಕೊಡವರಿಗೆ ಆ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಕಾರಣ ಅವರ ಶೌರ್ಯ ಮತ್ತು ಸರ್ಕಾರದ ಕಡೆಗಿನ ನಿಷ್ಠೆ. ಆ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದಿದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕಿಗೂ ಪರವಾನಗಿ ಬೇಡ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಪ್ರಶ್ನಿಸಿ ಹಾಕಿದ ಅರ್ಜಿಯನ್ನು 2021ರಲ್ಲಿ ನಮ್ಮ ಹೈಕೋರ್ಟು ವಜಾ ಮಾಡಿತು.

ಕೊಡವ ಗೆಳೆಯರು ಮುನಿಸಿಕೊಳ್ಳಬಾರದು. ಪೀಚೆಕತ್ತಿಯನ್ನು ಚೇಲೆಗೆ ಸಿಕ್ಕಿಸಿಕೊಂಡ ಮದುಮಗನನ್ನು ನೋಡಿ ಯಾರಿಗೂ ಹೆದರಿಕೆಯಾಗಿದ್ದಿಲ್ಲ, ಅದನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಲೂ ಇಲ್ಲ. ನನ್ನ ಮಾತು ಬೇರೆ. ಘಟ್ಟದ ಮೇಲೆ ಪೀಚೆಕತ್ತಿ, ಘಟ್ಟದ ಕೆಳಗೆ ಮಲಬಾರಿನಲ್ಲಿ ಪಿಚ್ಚಾಂಗತ್ತಿ. ಹೆಸರು ಕೇಳಿದರೇ ನೆಂಟಸ್ತಿಕೆ ತಿಳಿಯುತ್ತದೆ. ಒಂದೇ ಮಳೆ, ಒಂದೇ ಕಾಡು, ಅಕ್ಕಪಕ್ಕದ ಕುಲುಮೆಗಳು. ಒಂದು ಕಡೆ ಕತ್ತಿ ಹಿಡಿದರೆ ಜೈಲು, ಇನ್ನೊಂದು ಕಡೆ ಬಂದೂಕು ಹಿಡಿದರೂ ಗೌರವ. ಅಲಗಿನ ಉದ್ದ ಅಗಲ ಅಳೆದು ಮಾಡಿದ ತೀರ್ಮಾನವಲ್ಲ ಇದು. ಯಾರು ನಮ್ಮವರು, ಯಾರು ನಮ್ಮ ವಿರೋಧಿಗಳು ಎಂಬ ಸರ್ಕಾರದ ಲೆಕ್ಕ. ಹೊಸ ಕಾನೂನು ಬಂದಾಗಲೂ ಈ ಲೆಕ್ಕ ಹಾಕುವ ಕೆಲಸ ನಿಲ್ಲುವುದಿಲ್ಲ. ಕಬ್ಬನ್ನನ ಬದಲು ಚೆಕ್‌ಪೋಸ್ಟಿನ ಪೇದೆ ಹಾಕುತ್ತಾನೆ, ಅಷ್ಟೇ.

ಸಂವಿಧಾನವೂ ಈ ಪ್ರಶ್ನೆಯನ್ನು ಮುಟ್ಟಿದೆ. 25ನೇ ವಿಧಿಯ ವಿವರಣೆಯಲ್ಲಿ ಕಿರ್ಪಾಣ್ ಧರಿಸುವುದು ಸಿಖ್ ಧರ್ಮಾಚರಣೆಯ ಭಾಗ ಎಂದು ಬರೆದಿದೆ. ವಿಮಾನದಲ್ಲೂ, ದೇಶದೊಳಗಿನ ಪ್ರಯಾಣಕ್ಕೆ, 6 ಇಂಚಿನೊಳಗಿನ ಅಲಗಿನ ಕಿರ್ಪಾಣ್‌ಗೆ ಅನುಮತಿಯಿದೆ. ಸರಿಯಾದದ್ದೇ. ಆದರೆ ಒಂದು ವಿಷಯ ನೋಡಿ. ಧರ್ಮಕ್ಕೆ ಸಿಕ್ಕಿದ್ದು ಹಕ್ಕು, ಕುಲಕ್ಕೆ ಸಿಕ್ಕಿದ್ದು ಗೌರವ, ದುಡಿಮೆಗೆ ಸಿಕ್ಕಿದ್ದು ವ್ಯಾಖ್ಯಾನದ ಬಾಲದಲ್ಲಿ ನೇತಾಡುವ ಅರ್ಧ ವಾಕ್ಯ. ಕೊನೆಗಾರ ಯಾವ ದೇವರ ಹೆಸರನ್ನೂ ಹೇಳಲಾರ, ಯಾವ ಯುದ್ಧದ ಇತಿಹಾಸವನ್ನೂ ತೋರಿಸಲಾರ. ಅವನಿಗಿರುವುದು ಬೇಲಿ ಕಟ್ಟುವ ಕೆಲಸ.

ಈಗ ಬ್ರಿಟನ್ ವಿಷಯ, ಎಲ್ಲರೂ ಅದನ್ನೇ ತೋರಿಸುತ್ತಾರಾದ್ದರಿಂದ. ಅಲ್ಲಿ 1988ರ ಕಾಯ್ದೆಯ ಪ್ರಕಾರ 3 ಇಂಚು ಮೀರದ ಮಡಚುವ ಚಾಕು ಬಿಟ್ಟು ಅಲಗುಳ್ಳ ಯಾವುದನ್ನೂ ಸಾರ್ವಜನಿಕ ಜಾಗದಲ್ಲಿ ಒಯ್ಯುವಂತಿಲ್ಲ. ಸಿಕ್ಕಿಬಿದ್ದರೆ ನಾಲ್ಕು ವರ್ಷದವರೆಗೆ ಸಜೆ. ಕೆಲಸಕ್ಕೆ, ಧರ್ಮಕ್ಕೆ, ರಾಷ್ಟ್ರೀಯ ಉಡುಪಿಗೆ ವಿನಾಯಿತಿ ಇದೆ, ಆದರೆ ಕಾರಣವನ್ನು ಸಾಬೀತು ಮಾಡಬೇಕಾದವನು ಒಯ್ದವನೇ. ಪೊಲೀಸರು ನಿಲ್ಲಿಸಿ ಹುಡುಕುವ ಅಧಿಕಾರ ಅಲ್ಲಿ ಯಾರ ಮೇಲೆ ಹೆಚ್ಚು ಬಿದ್ದಿದೆ ಎಂದು ಅಲ್ಲಿನ ಸರ್ಕಾರದ ಅಂಕಿ ಅಂಶಗಳೇ ವರ್ಷ ವರ್ಷ ಹೇಳುತ್ತವೆ: ಬಿಳಿಯರಿಗಿಂತ ಕಪ್ಪು ಜನರ ಮೇಲೆ ಹಲವು ಪಟ್ಟು. ಇಷ್ಟೆಲ್ಲ ಇದ್ದೂ 2024ರ ಜುಲೈನಲ್ಲಿ ಸೌತ್‌ಪೋರ್ಟ್ ಎಂಬ ಊರಿನಲ್ಲಿ ನೃತ್ಯದ ತರಗತಿಗೆ ಬಂದಿದ್ದ ಮೂವರು ಪುಟ್ಟ ಹುಡುಗಿಯರನ್ನು 17 ವರ್ಷದವನೊಬ್ಬ ಚಾಕುವಿನಿಂದ ಕೊಂದ. ಅವನ ಬಗ್ಗೆ ಸರ್ಕಾರದ ಉಗ್ರವಾದ ತಡೆ ಯೋಜನೆಗೆ ಮೂರು ಸಲ ದೂರು ಹೋಗಿತ್ತು. 2022ರಲ್ಲಿ ಬಸ್ಸಿನಲ್ಲಿ ಚಾಕುವಿನೊಂದಿಗೆ ಪೊಲೀಸರ ಕೈಗೇ ಸಿಕ್ಕಿದ್ದ, ಅವರು ಅವನನ್ನು ಮನೆಗೆ ಬಿಟ್ಟು ಬಂದಿದ್ದರು. ನಮ್ಮ ಕೊನೆಗಾರರನ್ನು ಬಸ್ಸಿನಿಂದ ಇಳಿಸಿದ್ದು ನೆನಪಾಯಿತು. ಕಾನೂನಿತ್ತು. ಯಾರನ್ನು ಗಂಭೀರವಾಗಿ ನೋಡಬೇಕು ಎಂಬ ವಿವೇಕ ಇರಲಿಲ್ಲ.

ನ್ಯೂಯಾರ್ಕಿನ ಕಥೆ ನಮ್ಮ ವಾದಕ್ಕೆ ಇನ್ನೂ ಹತ್ತಿರದ್ದು, ಆದರೆ ಅದನ್ನು ಯಾರೂ ಎತ್ತುವುದಿಲ್ಲ. ಅಲ್ಲಿ 1958ರಲ್ಲಿ 'ಗ್ರಾವಿಟಿ ನೈಫ್' ಎಂಬ ಬಗೆಯ ಚಾಕುವನ್ನು ನಿಷೇಧಿಸಿದ್ದರು. ಮಣಿಕಟ್ಟು ಜಾಡಿಸಿದರೆ ತೆರೆದುಕೊಳ್ಳುವಂಥದ್ದು. ಕಾಲ ಕಳೆದಂತೆ ಆ ಹಳೆಯ ಚಾಕು ಬಳಕೆ ತಪ್ಪಿತು, ಕಾನೂನು ಉಳಿಯಿತು. ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರುವ ಸಾಮಾನ್ಯ ಮಡಚುಗತ್ತಿಯನ್ನು ಪೊಲೀಸರು ಹಿಡಿದು ಜೋರಾಗಿ ಜಾಡಿಸುವುದು, ತೆರೆದುಕೊಂಡರೆ ಕೇಸು! ಸಿಕ್ಕಿಬಿದ್ದವರು ಬಡಗಿಗಳು, ಎಲೆಕ್ಟ್ರಿಷಿಯನ್ನರು, ರಂಗಮಂಚದ ಕೆಲಸಗಾರರು, ಉಗ್ರಾಣದಲ್ಲಿ ಪೆಟ್ಟಿಗೆ ಬಿಚ್ಚುವವರು. ಅವರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೋ ಜನ. ರದ್ದು ಮಾಡುವ ಮಸೂದೆಯನ್ನು ಗವರ್ನರ್ ಎರಡು ಸಲ ತಿರಸ್ಕರಿಸಿದ. ಕೊನೆಗೆ 2019ರಲ್ಲಿ, ಒಬ್ಬ ಫೆಡರಲ್ ನ್ಯಾಯಾಧೀಶ ಈ ಕಾನೂನಿನಲ್ಲಿ ಸ್ಪಷ್ಟತೆಯಿಲ್ಲ ಎಂದು ತೀರ್ಪು ಕೊಟ್ಟ ಮೇಲೆ, ಸಹಿ ಹಾಕಿದ. ನಾವು ಈಗ ತರಬೇಕೆನ್ನುತ್ತಿರುವುದನ್ನು ಅವರು ಅರವತ್ತು ವರ್ಷ ಅನುಭವಿಸಿ ಬಿಟ್ಟರು.

ಜಪಾನಿನಲ್ಲಿ ಸಕಾರಣವಿಲ್ಲದೆ 6 ಸೆಂಟಿಮೀಟರ್ ಮೀರಿದ ಅಲಗು ಒಯ್ಯುವುದು ಅಪರಾಧ. ಆ ದೇಶದ ಪೊಲೀಸ್ ವ್ಯವಸ್ಥೆ, ಅಲ್ಲಿನ ಕೃಷಿ, ಅಲ್ಲಿನ ರೈಲು ಎಲ್ಲವನ್ನೂ ತಂದು ಆಮೇಲೆ ಆ 6 ಸೆಂಟಿಮೀಟರನ್ನೂ ತರೋಣ ಎಂದರೆ ನನ್ನ ಒಪ್ಪಿಗೆಯಿದೆ.

ನನ್ನ ಎದುರಾಳಿಗಳಲ್ಲಿ ಒಬ್ಬಳ ಮಾತನ್ನು ಮಾತ್ರ ಹೀಗೆ ತಳ್ಳಿಹಾಕಲಾರೆ. ಅವಳು ಬೆಂಗಳೂರಿನ ಒಂದು ಬಡಾವಣೆಯಲ್ಲಿದ್ದಾಳೆ. ರಾತ್ರಿ ಬೈಕಿನಲ್ಲಿ ಬಂದ ಹುಡುಗರು ಲಾಂಗ್ ಬೀಸುತ್ತ ಸಾಲಾಗಿ ನಿಂತ ಕಾರುಗಳ ಗಾಜು ಒಡೆದು ಹೋದದ್ದನ್ನು ಮಹಡಿಯಿಂದ ನೋಡಿದವಳು. "ನಿನ್ನ ಕೊನೆಗಾರನ ವಿಷಯ ಸರಿ ಕಣೇ. ಆದ್ರೆ ಲಾಂಗ್ ಹಿಡ್ಕೊಂಡು ಬಂದವನು ಹೊಡೆಯೋ ತನಕ ನಾನು ಕಾಯ್ತಾ ಕೂರಬೇಕಾ?" ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಹುಬ್ಬಳ್ಳಿಯಲ್ಲಿ 2024ರ ಏಪ್ರಿಲ್‌ನಲ್ಲಿ ಕಾಲೇಜಿನ ಆವರಣದಲ್ಲೇ ವಿದ್ಯಾರ್ಥಿನಿಯ ಕೊಲೆಯಾದಾಗ, ಒಂದು ತಿಂಗಳು ತುಂಬುವ ಮೊದಲೇ ಅದೇ ಊರಿನಲ್ಲಿ ಇನ್ನೊಬ್ಬ ಹುಡುಗಿಯನ್ನು ಅವಳ ಮನೆಗೇ ನುಗ್ಗಿ ಕೊಂದಾಗ, ನಮ್ಮ ಹಾಸ್ಟೆಲಿನಲ್ಲಿ ಎಷ್ಟೋ ಜನ ರಾತ್ರಿ ನಿದ್ದೆ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಆದರೆ ಆ ಎರಡನೆಯ ಕೊಲೆಯಲ್ಲಿ ಏನು ಹೊರಬಂತು ನೆನಪಿದೆಯೇ? ಬೆದರಿಕೆ ಇದೆ ಎಂದು ಮೊದಲೇ ಠಾಣೆಗೆ ಹೇಳಿದ್ದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಮನೆಯವರು ದೂರಿದರು. ಕರ್ತವ್ಯಲೋಪವೆಂದು ಪೊಲೀಸ್ ಅಧಿಕಾರಿಯೇ ಅಮಾನತಾದರು. ಅಲ್ಲಿ ಇಲ್ಲದೇ ಹೋದದ್ದು ಚಾಕು ಒಯ್ಯುವುದರ ವಿರುದ್ಧದ ಕಾನೂನಲ್ಲ. ಬೆದರಿಕೆ ಹಾಕುವುದು ಆಗಲೂ ಅಪರಾಧವೇ ಆಗಿತ್ತು. ಹೆಣ್ಣುಮಗಳೊಬ್ಬಳು ನನ್ನನ್ನು ಕೊಲ್ಲುತ್ತಾನಂತೆ ಎಂದಾಗ ಅದನ್ನು ಬರೆದುಕೊಳ್ಳುವ ಕೈ ಇರಲಿಲ್ಲ. ಚಾಕು ನಿಷೇಧಿಸಿ ಎಂದು ಕೂಗುವಾಗ ಈ ಪ್ರಶ್ನೆಯನ್ನು ನಾವು ಪೊಲೀಸರ ತಲೆಯಿಂದ ಇಳಿಸಿ ಕಮ್ಮಾರನ ತಲೆಗೆ ಹೊರಿಸುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಲಾಂಗ್ ಹಿಡಿದವನಿಗೂ ಈಗಿನ ಕಾನೂನು ಸಾಕು. ಉದ್ದದ ಲಾಂಗಿಗೆ ಬೇಸಾಯದ ನೆಪ ಯಾವ ನ್ಯಾಯಾಧೀಶರ ಮುಂದೂ ನಿಲ್ಲುವುದಿಲ್ಲ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ, ರಿಯಾಲಿಟಿ ಶೋನಿಂದ ಹೆಸರಾದ ಇಬ್ಬರು ಲಾಂಗ್ ಹಿಡಿದು ರೀಲ್ಸ್ ಮಾಡಿದಾಗ ಹೊಸ ಕಾಯ್ದೆಗಾಗಿ ಯಾರೂ ಕಾಯಲಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯಡಿಯಲ್ಲೇ ಬಂಧಿಸಿದರು. ಅಂದಹಾಗೆ, 'ಓಂ' ಬಂದ 1995ರಿಂದ ಮೂವತ್ತು ವರ್ಷ ಲಾಂಗನ್ನು ಪರದೆಯ ಮೇಲೆ ಮೆರೆಸಿ ಶಿಳ್ಳೆ ಹೊಡೆದ ನಾವೇ ಒಂದು ರೀಲ್ಸಿಗೆ ಅಷ್ಟು ಬೆಚ್ಚಿಬಿದ್ದದ್ದು ಸೋಜಿಗ. ಸಿನಿಮಾವನ್ನು ದೂರುವುದು ನನ್ನ ಉದ್ದೇಶವಲ್ಲ, ಅದಕ್ಕೆ ಬೇರೆ ವಾರ ಬೇಕು.

ಹಾಗಾದರೆ ಗೆರೆ ಎಲ್ಲಿ? ನನ್ನ ಮಟ್ಟಿಗೆ ಸಂವಿಧಾನದ 19ನೇ ವಿಧಿಯಲ್ಲೇ ಅದು ಇದೆ. ನಾಗರಿಕರಿಗೆ ಸಭೆ ಸೇರುವ ಹಕ್ಕಿದೆ, ಶಾಂತಿಯಿಂದ ಮತ್ತು ಆಯುಧಗಳಿಲ್ಲದೆ. ಗುಂಪು ಮತ್ತು ಅಲಗು ಒಟ್ಟಿಗೆ ಸೇರಿದಾಗ ಹುಟ್ಟುವ ಭಯವೇ ಬೇರೆ ಎಂದು ಅದನ್ನು ಬರೆದವರಿಗೆ ಗೊತ್ತಿತ್ತು. ಒಂಟಿಯಾಗಿ ಬಸ್ಸು ಹತ್ತಿದವನ ಸೊಂಟದ ಕತ್ತಿ ಯಾರಿಗೂ ಏನನ್ನೂ ಹೇಳುವುದಿಲ್ಲ. ಮೆರವಣಿಗೆಯಲ್ಲಿ ಮೇಲೆತ್ತಿದ ನೂರು ಖಡ್ಗ ಯಾವುದೋ ಬೀದಿಯ ಯಾವುದೋ ಮನೆಗಳಿಗೆ ಬಹಳ ಸ್ಪಷ್ಟವಾಗಿ ಏನನ್ನೋ ಹೇಳುತ್ತದೆ. ಆ ಖಡ್ಗ ಬೇಲಿ ಕಟ್ಟುವುದಿಲ್ಲ. 2003ರಲ್ಲಿ ರಾಜಸ್ಥಾನದ ಸರ್ಕಾರ ತ್ರಿಶೂಲ ಹಂಚುವುದನ್ನು ನಿಷೇಧಿಸಿ, ಮೀರಿದ ದೊಡ್ಡ ನಾಯಕನನ್ನೇ ಬಂಧಿಸಿತ್ತು. ಮನಸ್ಸಿದ್ದರೆ ಆಗುತ್ತದೆ. ನಮ್ಮಲ್ಲಿ ಮೆರವಣಿಗೆಯ ತಲವಾರು ಕಂಡಾಗ ಸಂಪ್ರದಾಯ ಎನ್ನುವವರೇ ಕೂಲಿಯವನ ಕತ್ತಿ ಕಂಡಾಗ ಕಾನೂನು ಎನ್ನುತ್ತಾರೆ. ನನ್ನ ಕ್ಯಾಂಟೀನ್ ಗೆಳೆಯರು ಆ ಗುಂಪಿನವರಲ್ಲ, ಗೊತ್ತು. ಆದರೆ ಅವರು ಬೇಡುತ್ತಿರುವ ಕಾನೂನನ್ನು ಜಾರಿ ಮಾಡುವವರು ಯಾರು ಎಂಬುದನ್ನು ಯೋಚಿಸಿಲ್ಲ.

ಆಯುಧವನ್ನು ಝಳಪಿಸುವುದು, ತೋರಿಸಿ ಬೆದರಿಸುವುದು, ಗುಂಪಿನಲ್ಲಿ ಹಿಡಿದು ನಡೆಯುವುದು, ಇವುಗಳಿಗೆ ಶಿಕ್ಷೆ ಇನ್ನೂ ಹೆಚ್ಚಿಸಿ, ನಾನು ಜೊತೆಗಿರುತ್ತೇನೆ. ಬರೀ ಒಯ್ಯುವುದಕ್ಕೆ ಮಾತ್ರ, ಕೆಟ್ಟ ಉದ್ದೇಶವಿತ್ತೆಂದು ತೋರಿಸುವ ಹೊಣೆ ಪೊಲೀಸರದ್ದಾಗಿರಲಿ. ಕತ್ತಿ ಇಟ್ಟುಕೊಂಡವನು ತನ್ನ ಒಳ್ಳೆಯತನ ಸಾಬೀತು ಮಾಡುವಂತಾಗಬಾರದು. ಏಕೆಂದರೆ ಕಾರಣ ಹೇಳಬಲ್ಲ ನಾಲಿಗೆ, ಹೇಳಿದರೆ ನಂಬಿಸಬಲ್ಲ ಮುಖ, ಎರಡೂ ಈ ದೇಶದಲ್ಲಿ ಎಲ್ಲರಿಗೂ ಸಮಾನವಾಗಿ ಹಂಚಿಕೆಯಾಗಿಲ್ಲ.

ಇದರ ಜೊತೆಗೆ ಒಂದು ಸಣ್ಣ ಕೆಲಸ ನಾಳೆಯೇ ಆಗಬಹುದು. ಪ್ರತಿ ಚುನಾವಣೆಗೆ, ಪ್ರತಿ ಹಬ್ಬಕ್ಕೆ ಹೊರಡುವ ನಿಷೇಧಾಜ್ಞೆಯ ಆ ಹಳೆಯ ಪಟ್ಟಿಯ ಕೆಳಗೆ ಮೂರು ಸಾಲು ಸೇರಿಸಬೇಕು. ಕೆಲಸಕ್ಕೆ ಹೋಗುವ, ಕೆಲಸದಿಂದ ಬರುವ ಕೃಷಿ ಕಾರ್ಮಿಕರು ಮತ್ತು ಕಸುಬುದಾರರ ಉಪಕರಣಗಳಿಗೆ ಇದು ಅನ್ವಯಿಸುವುದಿಲ್ಲ. ಅನುಮಾನದ ಮೇಲೆ ವಶಪಡಿಸಿಕೊಂಡರೆ ಸ್ಥಳದಲ್ಲೇ ರಸೀದಿ ಕೊಡಬೇಕು. ಕೇಸು ದಾಖಲಾಗದಿದ್ದರೆ ಇಷ್ಟು ದಿನದೊಳಗೆ ವಾಪಸ್ ಕೊಡಬೇಕು. ಇದಕ್ಕೆ ವಿಧಾನಸಭೆ ಸೇರಬೇಕಾಗಿಲ್ಲ, ಆಯೋಗ ಕೂರಬೇಕಾಗಿಲ್ಲ. ಆದೇಶಕ್ಕೆ ಹೇಗೂ ಸಹಿ ಹಾಕುವ ಜಿಲ್ಲಾಧಿಕಾರಿಗಳು ಅದನ್ನು ಟೈಪ್ ಮಾಡಿಸುವಾಗ ಹೇಳಿದರೆ ಸಾಕು.